ಲಾವಾ ಹರಿದ ನೆಲ: ದಖ್ಖನ್ ಪ್ರಸ್ಥಭೂಮಿಗೊಂದು ಪರಿಚಯ

ಬೆಳಗಾವಿ ದಾಟಿ ಕೊಲ್ಹಾಪುರ, ಸಾತಾರಾ, ಪುಣೆಯ ದಾರಿ ಹಿಡಿದರೆ ಬಸ್ಸಿನ ಕಿಟಕಿಯಲ್ಲಿ ಕಾಣುವ ಗುಡ್ಡಗಳ ರೂಪವೇ ಬೇರೆ. ಮಲೆನಾಡಿನ ಗುಡ್ಡಗಳ ಹಾಗೆ ಅವು ದುಂಡಗಿಲ್ಲ. ರಾಮನಗರ, ಚಿತ್ರದುರ್ಗದ ಬಂಡೆಗಳ ಹಾಗೆ ಒಂದರ ಮೇಲೊಂದು ಪೇರಿಸಿಕೊಂಡೂ ಇಲ್ಲ. ತಲೆ ಮಟ್ಟಸ, ಬದಿಯಲ್ಲಿ ಅಡ್ಡಡ್ಡ ಗೆರೆ. ಒಂದು ಕಡಿದಾದ ಗೋಡೆ, ಅದರ ಕೆಳಗೆ ಹುಲ್ಲಿನ ಇಳಿಜಾರು, ಮತ್ತೆ ಗೋಡೆ, ಮತ್ತೆ ಇಳಿಜಾರು. ದೂರದ ಇನ್ನೊಂದು ಗುಡ್ಡವನ್ನು ನೋಡಿ, ಅಲ್ಲೂ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ ಅದೇ ಗೆರೆ. ಭೂವಿಜ್ಞಾನ ಓದದವರಿಗೂ ಇಷ್ಟು ಹೊಳೆಯುತ್ತದೆ: ಇವೆಲ್ಲ ಒಂದು ಕಾಲಕ್ಕೆ ಒಂದೇ ಹರವಾದ ನೆಲವಾಗಿದ್ದವು, ನಡುವಿನ ಭಾಗವನ್ನು ನೀರು ಕೊರೆದು ಒಯ್ದಿದೆ.

ಆ ಒಂದೊಂದು ಗೆರೆಯೂ ಒಂದೊಂದು ಸಲ ಹರಿದು ಬಂದ ಲಾವಾ. ದಖ್ಖನ್ ಪ್ರಸ್ಥಭೂಮಿಯ ವಾಯವ್ಯ ಭಾಗವೆಲ್ಲ ಹೀಗೆ ಪದರ ಪದರವಾಗಿ ಗಟ್ಟಿಯಾದ ಬಸಾಲ್ಟ್ ಎಂಬ ಕರಿಕಲ್ಲಿನದು. ಭೂವಿಜ್ಞಾನಿಗಳು ಇದಕ್ಕೆ ‘ಡೆಕ್ಕನ್ ಟ್ರ್ಯಾಪ್ಸ್’ ಎನ್ನುತ್ತಾರೆ. ಮಹಾರಾಷ್ಟ್ರದ ಬಹುಭಾಗ, ಗುಜರಾತ್ ಮತ್ತು ಮಧ್ಯಪ್ರದೇಶದ ಒಂದಷ್ಟು, ತೆಲಂಗಾಣದ ಒಂದು ಅಂಚು ಇದರೊಳಗೆ ಬರುತ್ತವೆ. ಕರ್ನಾಟಕದ ಪಾಲಿಗೆ ಬಂದದ್ದು ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳ ದೊಡ್ಡ ಭಾಗಗಳು ಮತ್ತು ಬಾಗಲಕೋಟೆಯ ಉತ್ತರದ ತುದಿ. ಒಟ್ಟು ಹರವು ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಸವೆದು ಹೋದದ್ದು, ಅರಬ್ಬೀ ಸಮುದ್ರದಡಿ ಮುಳುಗಿದ್ದು ಈ ಲೆಕ್ಕಕ್ಕೆ ಸೇರಿಲ್ಲ.

ಜ್ವಾಲಾಮುಖಿ ಅಂದ ಕೂಡಲೇ ಹೊಸಬರ ಕಣ್ಣ ಮುಂದೆ ಬರುವುದು ತುದಿಯಲ್ಲಿ ಹೊಗೆಯಾಡುವ, ಕೋನಾಕಾರದ ಒಂದು ಬೆಟ್ಟ. ಆ ಚಿತ್ರವನ್ನು ಮೊದಲು ಬದಿಗಿಡಿ. ಇಲ್ಲಿ ಅಂಥ ಬೆಟ್ಟವೇ ಮುಖ್ಯವಲ್ಲ. ನೆಲ ಕಿಲೋಮೀಟರ್‌ಗಟ್ಟಲೆ ಉದ್ದಕ್ಕೆ ಸೀಳಿ, ಆ ಸೀಳುಗಳಿಂದ ಲಾವಾ ಉಕ್ಕಿ ಹರಿಯಿತು. ಬಸಾಲ್ಟ್ ಲಾವಾದಲ್ಲಿ ಸಿಲಿಕಾ ಕಡಿಮೆ, ಹಾಗಾಗಿ ಅದು ತೆಳು. ಹದವಾಗಿ ಕಾದ ಬೆಲ್ಲದ ಪಾಕದಂತೆ ತಗ್ಗು ಹುಡುಕಿಕೊಂಡು ಹರಡುತ್ತದೆ, ಗುಡ್ಡೆ ಕಟ್ಟುವುದಿಲ್ಲ. ಮನುಷ್ಯರು ಕಣ್ಣಾರೆ ಕಂಡು ಬರೆದಿಟ್ಟ ಇಂಥ ಸ್ಫೋಟ ಐಸ್‌ಲ್ಯಾಂಡಿನ ಲಾಕಿಯದು. 1783ರಲ್ಲಿ ಶುರುವಾಗಿ ಎಂಟು ತಿಂಗಳು ಹರಿಯಿತು, ಸುಮಾರು 15 ಘನ ಕಿಲೋಮೀಟರ್ ಲಾವಾ ಬಂತು. ಅದರ ಗಂಧಕದ ಅನಿಲದಿಂದ ಹುಲ್ಲು ಕೆಟ್ಟು, ದನಕುರಿ ಸತ್ತು, ಬರ ಬಿದ್ದು ಆ ದೇಶದ ಐದನೇ ಒಂದು ಪಾಲು ಜನ ತೀರಿಕೊಂಡರು. ದಖ್ಖನ್ನಿನ ಒಂದೊಂದು ದೊಡ್ಡ ಪ್ರವಾಹದ ಮುಂದೆ ಲಾಕಿ ಬಲು ಚಿಕ್ಕದು. ಇಲ್ಲಿಂದ ಹೊರಟ ಲಾವಾ ಆಂಧ್ರದ ರಾಜಮಹೇಂದ್ರಿಯವರೆಗೆ, ಸುಮಾರು ಸಾವಿರ ಕಿಲೋಮೀಟರ್ ಹರಿದಿದೆ.

ಇದೆಲ್ಲ ಆದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಆಗ ಭಾರತ ಏಷ್ಯಾಕ್ಕೆ ಅಂಟಿಕೊಂಡಿರಲಿಲ್ಲ. ಭೂಮಧ್ಯರೇಖೆಯ ದಕ್ಷಿಣದಲ್ಲಿ ಒಂಟಿಯಾಗಿದ್ದು, ವರ್ಷಕ್ಕೆ ಹದಿನೈದು ಸೆಂಟಿಮೀಟರ್‌ಗೂ ಹೆಚ್ಚು ವೇಗದಲ್ಲಿ ಉತ್ತರಕ್ಕೆ ಸರಿಯುತ್ತಿತ್ತು. ಹಾಗೆ ಸರಿಯುವಾಗ ಭೂಮಿಯ ಒಳಗಿನಿಂದ ಬಿಸಿ ಉಕ್ಕುವ ಒಂದು ತಾಣದ ಮೇಲೆ ಹಾದುಹೋಯಿತು ಎಂಬುದು ಬಹುಪಾಲು ವಿಜ್ಞಾನಿಗಳು ಒಪ್ಪುವ ವಿವರಣೆ. ಆ ತಾಣ ಈಗಲೂ ಆರಿಲ್ಲ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಪಿಟಾನ್ ಡಿ ಲಾ ಫೂರ್ನೇಸ್ ಎಂಬ ಹೆಸರಿನಲ್ಲಿ ಆಗಾಗ ಲಾವಾ ಉಗುಳುತ್ತಿದೆ. ನಮಗೂ ಅದಕ್ಕೂ ನಡುವಿನ ಲಕ್ಷದ್ವೀಪ, ಮಾಲ್ದೀವ್ಸ್, ಮಾರಿಷಸ್‌ಗಳ ಸಾಲು ಆ ಪಯಣದ ಜಾಡು.

ಕಾಲದ ಲೆಕ್ಕ ನೋಡಿದ ಯಾರಿಗೂ ಡೈನೋಸಾರ್‌ಗಳ ನೆನಪು ಬರದೆ ಇರದು. ಅವು ಅಳಿದದ್ದೂ ಆಗಲೇ. 1980ರಲ್ಲಿ ಲೂಯಿಸ್ ಮತ್ತು ವಾಲ್ಟರ್ ಅಲ್ವಾರೆಜ್ ಎಂಬ ತಂದೆ ಮಗ ಹಾಗೂ ಅವರ ಸಂಗಡಿಗರು ಆಕಾಶದಿಂದ ಬಿದ್ದ ಬಂಡೆಯೇ ಇದಕ್ಕೆ ಕಾರಣ ಎಂದರು. ಅದು ಬಿದ್ದ ಗುಳಿ ಮೆಕ್ಸಿಕೋದ ಚಿಕ್ಸುಲುಬ್‌ನಲ್ಲಿ ಸಿಕ್ಕಿತು. ಇಲ್ಲ, ದಖ್ಖನ್ನಿನ ಅನಿಲಗಳೇ ಮುಖ್ಯ ಕಾರಣ ಎಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗೆರ್ಟಾ ಕೆಲ್ಲರ್ ದಶಕಗಳಿಂದ ವಾದಿಸುತ್ತಾ ಬಂದಿದ್ದಾರೆ. ಜಗಳ ಮುಗಿದಿಲ್ಲ. ಬಂಡೆಯ ಪಕ್ಷಕ್ಕೆ ಬಲ ಹೆಚ್ಚು, ಆದರೆ ಲಾವಾದ ಅನಿಲಗಳಿಂದ ಹವೆ ಮೊದಲೇ ಕದಡಿತ್ತು ಎಂಬುದನ್ನು ತಳ್ಳಿಹಾಕುವವರು ಕಡಿಮೆ.

ಲಾವಾ ಒಂದೇ ಸಮನೆ ಹರಿಯಲಿಲ್ಲ ಎಂಬುದನ್ನು ಮಾತ್ರ ಗಟ್ಟಿಯಾಗಿ ನೆನಪಿಡಿ, ಮುಂದಿನದಕ್ಕೆಲ್ಲ ಅದೇ ಕೀಲಿ. ಬಹುಪಾಲು ಕಲ್ಲು ಹತ್ತು ಲಕ್ಷ ವರ್ಷದ ಒಳಗೇ ಬಂದು ಬಿದ್ದಿತಾದರೂ, ಒಂದು ಪ್ರವಾಹಕ್ಕೂ ಇನ್ನೊಂದಕ್ಕೂ ನಡುವೆ ಸಾವಿರಾರು ವರ್ಷಗಳ ಬಿಡುವು ಸಿಗುತ್ತಿತ್ತು. ಆ ಬಿಡುವಿನಲ್ಲಿ ಕಲ್ಲು ಮಳೆಗೆ ಸವೆದು ಮಣ್ಣಾಗುತ್ತಿತ್ತು, ಕೆರೆಗಳಾಗುತ್ತಿದ್ದವು, ಗಿಡ ಹುಟ್ಟುತ್ತಿತ್ತು. ಮತ್ತೆ ಲಾವಾ ಬಂದು ಎಲ್ಲವನ್ನೂ ಹೂಳುತ್ತಿತ್ತು. ರಸ್ತೆಗಾಗಿ ಗುಡ್ಡ ಕಡಿದ ಕಡೆ ಎರಡು ಕರಿ ಪದರಗಳ ನಡುವೆ ಇಟ್ಟಿಗೆ ಬಣ್ಣದ ಒಂದು ಪಟ್ಟಿ ಕಂಡರೆ ಅದು ಸುಟ್ಟುಹೋದ ಹಳೆಯ ಮಣ್ಣು. ಕೆರೆಗಳಿದ್ದ ಕಡೆ ಪಳೆಯುಳಿಕೆಗಳು ಉಳಿದಿವೆ. ಮುಂಬೈಯ ವರಳಿಯಲ್ಲಿ ಇಂಥ ಪದರದಿಂದ ಕಪ್ಪೆಗಳೇ ಸಿಕ್ಕಿವೆ, ಮಧ್ಯಪ್ರದೇಶದ ಘುಘುವಾದಲ್ಲಿ ತಾಳೆಯ ಜಾತಿಯ ಮರಗಳು ಕಲ್ಲಾಗಿ ಬಿದ್ದಿವೆ.

ಒಂದೇ ಪ್ರವಾಹವನ್ನು ಮೇಲಿನಿಂದ ಕೆಳಗೆ ನೋಡಿದರೂ ಕಲ್ಲು ಒಂದೇ ಥರ ಇರುವುದಿಲ್ಲ. ನಡುಭಾಗ ನಿಧಾನಕ್ಕೆ ಆರಿದ್ದರಿಂದ ಗಟ್ಟಿ, ಬಿಗಿ. ಗುಡ್ಡದಲ್ಲಿ ಗೋಡೆಯಾಗಿ ನಿಲ್ಲುವುದು ಇದು. ಮೇಲ್ಭಾಗದಲ್ಲಿ ಅನಿಲದ ಗುಳ್ಳೆಗಳು ಸಿಕ್ಕಿಕೊಂಡು ಕಲ್ಲೆಲ್ಲ ತೂತು. ಬೇಗ ಸವೆದು ಇಳಿಜಾರಾಗುವುದು ಇದು. ಆ ತೂತುಗಳಲ್ಲಿ ಆಮೇಲೆ ನೀರು ಹರಿದು ಖನಿಜಗಳು ಹರಳುಗಟ್ಟಿದವು. ಪುಣೆಯ ಹತ್ತಿರದ ವಾಘೋಲಿಯ ಕಲ್ಲುಗಣಿಗಳ ನೀಲಿ ಕ್ಯಾವನ್‌ಸೈಟ್ ಹರಳಿಗೆ ಜಗತ್ತಿನ ಸಂಗ್ರಾಹಕರೆಲ್ಲ ಆಸೆಪಡುತ್ತಾರೆ. ನಡುವಿನ ಬಿಗಿ ಕಲ್ಲಿಗೆ ಆಸೆಪಟ್ಟವರು ಶಿಲ್ಪಿಗಳು, ರಾಜರು. ರಾಷ್ಟ್ರಕೂಟರ ಒಂದನೇ ಕೃಷ್ಣ ಎಂಟನೇ ಶತಮಾನದಲ್ಲಿ ಎಲ್ಲೋರದ ಕೈಲಾಸ ದೇವಾಲಯವನ್ನು ಮೇಲಿನಿಂದ ಕೆಳಗೆ ಕಡಿಸಿದ್ದು ಇದೇ ಕಲ್ಲಿನಲ್ಲಿ. ವಿಜಯಪುರದ ಗೋಲಗುಂಬಜ್‌ನ ಗೋಡೆಗಳೂ ಇದೇ ಬೂದುಗಪ್ಪು ಬಸಾಲ್ಟಿನವು. ಬಾದಾಮಿಯ ಗುಹೆಗಳನ್ನು ಈ ಪಟ್ಟಿಗೆ ಸೇರಿಸಬೇಡಿ. ಅದು ಲಾವಾಕ್ಕಿಂತ ಎಷ್ಟೋ ಹಳೆಯ ಕೆಂಪು ಮರಳುಗಲ್ಲು. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನೂ ಪ್ರವಾಸಿ ಪುಸ್ತಿಕೆಗಳು ದಖ್ಖನ್ನಿನ ಲೆಕ್ಕಕ್ಕೆ ಬರೆಯುವುದುಂಟು. ಅವೂ ಲಾವಾದಿಂದಲೇ ಆದವು ನಿಜ, ಆದರೆ ಸುಮಾರು 8.8 ಕೋಟಿ ವರ್ಷ ಹಳೆಯವು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು. ದಖ್ಖನ್ನಿನ ಕಂಬಗಲ್ಲು ನೋಡಬೇಕೆಂದರೆ ಮುಂಬೈಯ ಅಂಧೇರಿಯಲ್ಲಿ ಕಟ್ಟಡಗಳ ನಡುವೆ ಸಿಕ್ಕಿಹಾಕಿಕೊಂಡಿರುವ ಗಿಲ್ಬರ್ಟ್ ಹಿಲ್‌ಗೆ ಹೋಗಿ.

ಪದರಗಳ ರಾಶಿ ಪಶ್ಚಿಮಕ್ಕೆ ದಪ್ಪ, ಪೂರ್ವಕ್ಕೂ ದಕ್ಷಿಣಕ್ಕೂ ತೆಳು. ಘಟ್ಟದ ಬದಿಯಲ್ಲಿ ಎಲ್ಲ ಪದರ ಸೇರಿ ಎರಡು ಕಿಲೋಮೀಟರ್ ಮೀರುತ್ತದೆ. ಲಾತೂರಿನ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ಭೂಕಂಪದ ನಂತರ ಕೊರೆದು ನೋಡಿದಾಗ ಸುಮಾರು 340 ಮೀಟರ್‌ಗೆ ಬಸಾಲ್ಟ್ ಮುಗಿದು, ಅದರಡಿಯ ಪುರಾತನ ಶಿಲೆ ಸಿಕ್ಕಿತು. ಕಲಬುರಗಿ ಜಿಲ್ಲೆಗೆ ಬಂದರೆ ಲಾವಾ ಇನ್ನೂ ತೆಳುವಾಗಿ, ಅಂಚಿನಲ್ಲಿ ಅದರಡಿಯ ಸುಣ್ಣಕಲ್ಲು ಹೊರಬೀಳುತ್ತದೆ. ನಮ್ಮ ಎಷ್ಟೋ ಮನೆಗಳಿಗೆ ಹಾಸಿದ ಶಹಾಬಾದ್ ಕಲ್ಲು ಅದೇ.

ಇನ್ನು ಹವೆ. ಘಟ್ಟದ ಗೋಡೆ ಪಶ್ಚಿಮದಲ್ಲಿ ನೆಟ್ಟಗೆ ನಿಂತಿದೆ, ಪ್ರಸ್ಥಭೂಮಿ ಅಲ್ಲಿಂದ ಪೂರ್ವಕ್ಕೆ ಮೆಲ್ಲಗೆ ಇಳಿಯುತ್ತದೆ. ಕೃಷ್ಣೆ ಮಹಾಬಳೇಶ್ವರದಲ್ಲಿ, ಭೀಮೆ ಭೀಮಾಶಂಕರದಲ್ಲಿ, ಗೋದಾವರಿ ತ್ರ್ಯಂಬಕದಲ್ಲಿ ಹುಟ್ಟಿ, ಪಕ್ಕದಲ್ಲೇ ಇರುವ ಅರಬ್ಬೀ ಸಮುದ್ರಕ್ಕೆ ಬೆನ್ನು ಹಾಕಿ ಅಷ್ಟು ದೂರದ ಬಂಗಾಳ ಕೊಲ್ಲಿಗೆ ಹೋಗುವುದು ಈ ಇಳಿಜಾರಿನಿಂದ. ನೈಋತ್ಯ ಮುಂಗಾರಿನ ಮೋಡ ಗೋಡೆಗೆ ಬಡಿದು ಮೇಲೇರಿ ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತದೆ. ಮಹಾಬಳೇಶ್ವರಕ್ಕೆ ವರ್ಷಕ್ಕೆ 5,500 ಮಿ.ಮೀ. ಆಸುಪಾಸು. ಇಪ್ಪತ್ತು ಕಿಲೋಮೀಟರ್ ಒಳಗೇ ಇರುವ ಪಂಚಗಣಿಗೆ ಅದರ ಮೂರನೇ ಒಂದು ಪಾಲು. ವಿಜಯಪುರ ಮುಟ್ಟುವ ಹೊತ್ತಿಗೆ 600 ಮಿ.ಮೀ. ಆಸುಪಾಸು, ಅದೂ ಬಂದರೆ ಬಂತು. ಕಲಬುರಗಿಯ ಮೇ ತಿಂಗಳ ಬಿಸಿಲನ್ನು ನಾನು ವರ್ಣಿಸಬೇಕಿಲ್ಲ.

ಒಂದೇ ಕಲ್ಲು, ಎರಡು ಬಗೆಯ ಮಳೆ. ಇದರಿಂದ ಎರಡು ಬೇರೆ ಬೇರೆ ನೆಲಗಳಾದವು, ಹೊಸಬರು ತಿಳಿಯಬೇಕಾದ ಮುಖ್ಯ ಸಂಗತಿಯೇ ಇದು. ಬಿಸಿಯೂ ಮಳೆಯೂ ಹೇರಳವಾಗಿದ್ದು ನೀರು ಬಸಿದುಹೋಗುವ ಕಡೆ ಬಸಾಲ್ಟಿನ ಸಿಲಿಕಾ, ಸುಣ್ಣದಂಶಗಳೆಲ್ಲ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಯುತ್ತವೆ. ಅದು ತುಕ್ಕಿನ ಬಣ್ಣದ ಜಂಬಿಟ್ಟಿಗೆ. ಮಳೆ ಕಡಿಮೆಯಿದ್ದು ನೀರು ನಿಂತು ಆರುವ ಕಡೆ ಸುಣ್ಣ, ಮೆಗ್ನೀಷಿಯಂ ಅಲ್ಲೇ ಉಳಿದು ಕಲ್ಲು ಜಿಗುಟಾದ ಜೇಡಿಯಾಗುತ್ತದೆ. ಅದು ಎರೆ.

ಜಂಬಿಟ್ಟಿಗೆಯನ್ನು ಹತ್ತಿರದಿಂದ ನೋಡಲು ಬೀದರಿಗಿಂತ ಒಳ್ಳೆಯ ಜಾಗ ಇಲ್ಲ. ಇವತ್ತು ಬೀದರಿನಲ್ಲಿ ಜಂಬಿಟ್ಟಿಗೆ ಹುಟ್ಟುವಷ್ಟು ಮಳೆಯಿಲ್ಲ. ಅದು ಬೇರೆಯೇ ಹವೆಯಿದ್ದ ಬಹು ಹಳೆಯ ಕಾಲದ್ದು, ಬಸಾಲ್ಟಿನ ನೆತ್ತಿಯ ಮೇಲೆ ಉಳಿದುಕೊಂಡಿದೆ. ಕೋಟೆಯ ಕಂದಕವನ್ನು ಆ ಕೆಂಪು ಕಲ್ಲಿನಲ್ಲೇ ಕೊರೆದಿದ್ದಾರೆ. ಮೇಲಿನ ಜಂಬಿಟ್ಟಿಗೆ ತೂತುತೂತು, ಮಳೆನೀರು ಸರಾಗ ಒಳಗಿಳಿಯುತ್ತದೆ. ಕೆಳಗೆ ಬಿಗಿ ಪದರ ಸಿಕ್ಕ ಕೂಡಲೇ ಮುಂದೆ ಇಳಿಯಲಾರದೆ ಅಡ್ಡಕ್ಕೆ ಹರಿದು, ಪ್ರಸ್ಥದ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನಾನಕ್ ಝೀರಾದ ನೀರು, ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಎದೆಮಟ್ಟ ನಿಂತು ಹಾದುಹೋಗುವ ನೀರು, ಎರಡೂ ಇಂಥ ಅಂಚಿನವು. ಬಹಮನಿ ಕಾಲದವರು ಇದನ್ನು ಚೆನ್ನಾಗಿ ಬಲ್ಲರು. ನೌಬಾದ್‌ನಲ್ಲಿ ಅವರು ನೆಲದಡಿ ಸುರಂಗ ತೋಡಿ, ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ರಂಧ್ರ ಇಳಿಸಿ, ಯಾವ ಯಂತ್ರವೂ ಇಲ್ಲದೆ ಇಳಿಜಾರಿನ ಬಲದಿಂದಲೇ ಊರಿಗೆ ನೀರು ತಂದರು. ಪರ್ಷಿಯಾದ ಈ ವಿದ್ಯೆಗೆ ಕರೇಜ್ ಎನ್ನುತ್ತಾರೆ, ಊರಿನವರು ಸುರಂಗ ಬಾವಿ ಎನ್ನುತ್ತಾರೆ. ಪದರ ಗೊತ್ತಿಲ್ಲದೆ ಎಲ್ಲೆಂದರಲ್ಲಿ ಬೋರ್‌ವೆಲ್ ಹೊಡೆಸಿ, ಬಿಗಿ ಬಸಾಲ್ಟ್ ಸಿಕ್ಕಿ ಬರೀ ಧೂಳು ಎದ್ದಾಗ ಹಣೆಬರಹ ಎನ್ನುವ ನಾವು ಅವರಿಂದ ಕಲಿಯುವುದಿದೆ. ಈ ಕಲ್ಲಿನಲ್ಲಿ ನೀರು ಇರುವುದು ಗುಳ್ಳೆತೂತಿನ ಪದರದಲ್ಲಿ, ಬಿರುಕಿನಲ್ಲಿ, ಎರಡು ಪ್ರವಾಹಗಳು ಕೂಡುವ ಜಾಗದಲ್ಲಿ. ಆಳ ಹೆಚ್ಚಿದಷ್ಟೂ ನೀರು ಹೆಚ್ಚು ಎಂಬುದು ಇಲ್ಲಿಗೆ ಹೊಂದದ ಲೆಕ್ಕ.

ಎರೆಯ ಮಾತು ಇನ್ನೂ ದೊಡ್ಡದು. ಬೇಸಿಗೆಯಲ್ಲಿ ಎರೆ ಹೊಲಕ್ಕೆ ಇಳಿದು ನೋಡಿ: ಕೈ ಮೊಳಕೈವರೆಗೆ ಇಳಿಯುವಷ್ಟು ಬಿರುಕು. ಮೇಲಿನ ಪುಡಿಮಣ್ಣು ಗಾಳಿಗೆ, ದನದ ಕಾಲಿಗೆ ಸಿಕ್ಕಿ ಆ ಬಿರುಕಿನೊಳಗೆ ಬೀಳುತ್ತದೆ. ಮಳೆ ಬಂದರೆ ಮಣ್ಣು ನೀರು ಕುಡಿದು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ, ಒಳಗೆ ಬಿದ್ದದ್ದು ಒಳಗೇ ಉಳಿಯುತ್ತದೆ. ಹೀಗೆ ವರ್ಷವರ್ಷವೂ ಮಣ್ಣು ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ಈ ಉಬ್ಬುವ ಗುಣ ಸ್ಮೆಕ್ಟೈಟ್ ಜಾತಿಯ ಜೇಡಿಯದು. ಅದರ ಹಾಳೆಯಂಥ ಕಣಗಳ ನಡುವೆ ನೀರು ನುಗ್ಗಿ ಅವುಗಳನ್ನು ಅಗಲಿಸುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಮಕ್ಕಳಿಗೆ ಈ ಜಿಗುಟು ಚೆನ್ನಾಗಿ ಗೊತ್ತು. ಮನೆ ಕಟ್ಟುವವರಿಗೂ ಗೊತ್ತು: ಅಡಿಪಾಯವನ್ನು ಕೆಳಗಿನ ಗಟ್ಟಿ ಗರಸಿನವರೆಗೆ ಇಳಿಸದಿದ್ದರೆ ಎರಡು ಮಳೆಗಾಲದಲ್ಲಿ ಗೋಡೆ ಬಾಯಿ ಬಿಡುತ್ತದೆ. ಕರಿಮಣ್ಣೆಲ್ಲ ಲಾವಾದ್ದೇ ಎಂದು ಮಾತ್ರ ತಿಳಿಯಬೇಡಿ. ಬಳ್ಳಾರಿ, ರಾಯಚೂರು, ಗದಗದ ಎರೆಯ ಅಡಿಯಲ್ಲಿ ಇರುವುದು ಬೇರೆ ಕಲ್ಲು.

ವಿಜಯಪುರದ ಕಡೆ ಹೆಚ್ಚು ಮಳೆ ಬರುವುದು ಜೂನ್, ಜುಲೈನಲ್ಲಲ್ಲ, ಸೆಪ್ಟೆಂಬರಿನಲ್ಲಿ. ರೈತ ಮುಂಗಾರಿನ ನೀರನ್ನೆಲ್ಲ ಎರೆಗೆ ಕುಡಿಸಿ, ಉತ್ತರಿ ಮಳೆಗೆ ಬಿಳಿಜೋಳ, ಹಸ್ತ ಚಿತ್ತಿಗೆ ಕಡಲೆ ಬಿತ್ತುತ್ತಾನೆ. ಆಮೇಲೆ ಮಳೆ ಬಾರದಿದ್ದರೂ ಸರಿ. ಒಂದು ಮೀಟರ್ ಆಳದ ಎರೆಯಲ್ಲಿ ಬೇರಿಗೆ ಎಟಕುವ ನೀರು ಸುಮಾರು 200 ಮಿ.ಮೀ. ಮಳೆಗೆ ಸಮ, ಬೆಳೆ ಚಳಿಗಾಲವಿಡೀ ಅದನ್ನೇ ಹೀರುತ್ತಾ ಶಿವರಾತ್ರಿಯ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ನಡುವೆ ಎಡೆಕುಂಟೆ ಹೊಡೆಯುವುದು ಕಳೆಗಾಗಿ ಮಾತ್ರವಲ್ಲ; ಬಿರುಕು ಮುಚ್ಚಿ ಒಳಗಿನ ಹಸಿ ಹಾರದಂತೆ ಕಾಯುವುದಕ್ಕೂ ಹೌದು. ಎಳ್ಳಮವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ಹೊತ್ತಿಗೆ ಜೋಳ ತೆನೆ ಕಟ್ಟುತ್ತಿರುತ್ತದೆ, ಕಡಲೆಯ ಎಲೆ ಮೇಲೆ ಹುಳಿ ಇಬ್ಬನಿ ಕೂತಿರುತ್ತದೆ. ಬೆಳಗಿನ ಜಾವ ಬಟ್ಟೆ ಹಾಸಿ ಆ ಹುಳಿಯನ್ನು ಹಿಂಡಿ ಹೊಟ್ಟೆನೋವಿಗೆ ಇಟ್ಟುಕೊಳ್ಳುವ ರೂಢಿ ಇನ್ನೂ ಅಲ್ಲಲ್ಲಿ ಇದೆ. ‘ಡೋಣಿ ಬೆಳೆದರೆ ಓಣೆಲ್ಲ ಜೋಳ’ ಎಂಬ ಮಾತು ಡೋಣಿ ನದಿಯ ದಂಡೆಯ ಇಂಥ ಎರೆಯಿಂದಲೇ ಬಂದದ್ದು.

ಇದೇ ಮಣ್ಣಿಗೆ ಕಾಲುವೆಯ ನೀರು ಮಿತಿಯಿಲ್ಲದೆ ಬಿಟ್ಟರೆ ಕತೆ ತಿರುಗುತ್ತದೆ. ನೀರು ಬಸಿಯಲು ದಾರಿಯಿಲ್ಲ, ಒಳಗಿನ ಉಪ್ಪು ಮೇಲೇರಿ ಬಿಳಿ ಪೊರೆಯಾಗಿ ಕೂರುತ್ತದೆ, ಹೊಲ ಜವುಳಾಗುತ್ತದೆ. ಕಬ್ಬಿನ ಆಸೆಗೆ ಎರೆಯನ್ನು ಹಾಳು ಮಾಡಿಕೊಂಡ ಊರುಗಳು ಕೃಷ್ಣೆಯ ಎರಡೂ ದಂಡೆಯಲ್ಲಿವೆ.

ಜೀವಲೋಕವೂ ಈ ಎರಡು ನೆಲವನ್ನೇ ಅನುಸರಿಸುತ್ತದೆ. ಸಾತಾರಾದ ಕಾಸ್ ಪಠಾರ ಜಂಬಿಟ್ಟಿಗೆಯ ಬೋಳು ಹಾಸು, 2012ರಲ್ಲಿ ಪಶ್ಚಿಮ ಘಟ್ಟದ ಭಾಗವಾಗಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿ ಮಣ್ಣು ಎಷ್ಟೋ ಕಡೆ ಬೆರಳಿನಷ್ಟೂ ದಪ್ಪವಿಲ್ಲ, ಮರ ಬೇರಿಳಿಸಲು ಜಾಗವೇ ಇಲ್ಲ. ನಾಲ್ಕು ತಿಂಗಳು ನೀರಲ್ಲಿ ನೆನೆದು, ಎಂಟು ತಿಂಗಳು ಬಿಸಿಲಿಗೆ ಕಾಯುವ ಆ ಬಂಡೆಯ ಮೇಲೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಹೂವಿನ ಹಾಸು. ಮಣ್ಣಿನಲ್ಲಿ ಸಾರಜನಕ ಸಾಲದ್ದರಿಂದ ಡ್ರೋಸೆರಾ, ಯುಟ್ರಿಕ್ಯುಲೇರಿಯಾದಂಥ ಗಿಡಗಳು ಹುಳ ಹಿಡಿದು ತಿಂದು ಬದುಕುತ್ತವೆ. ಘಟ್ಟದ ಇಳಿಜಾರುಗಳಲ್ಲಿ ಕಾರ್ವಿ ಎಂಬ ಪೊದೆ ಏಳೆಂಟು ವರ್ಷಕ್ಕೊಮ್ಮೆ ಒಟ್ಟಿಗೇ ಹೂಬಿಟ್ಟು ಒಟ್ಟಿಗೇ ಸಾಯುತ್ತದೆ. ಇವಕ್ಕಿಂತ ವಿಚಿತ್ರವಾದದ್ದು ಬುಲ್ಢಾಣಾ ಜಿಲ್ಲೆಯ ಲೋಣಾರ್. ಆಕಾಶದ ಬಂಡೆಯೊಂದು ಬಸಾಲ್ಟಿಗೆ ಬಡಿದು ಆದ, ಸುಮಾರು 1.8 ಕಿಲೋಮೀಟರ್ ಅಗಲದ ಗುಳಿ. ಚಂದ್ರನ ಗುಳಿಗಳನ್ನು ಅರಿಯಲು ವಿಜ್ಞಾನಿಗಳು ಇಲ್ಲಿಗೆ ಬರುತ್ತಾರೆ. ಅದರ ಕ್ಷಾರದ ಕೆರೆ 2020ರ ಜೂನಿನಲ್ಲಿ ಉಪ್ಪುನೀರಿನ ಸೂಕ್ಷ್ಮಜೀವಿಗಳಿಂದ ಗುಲಾಬಿ ಬಣ್ಣಕ್ಕೆ ತಿರುಗಿ ಸುದ್ದಿಯಾಗಿತ್ತು.

ಮಳೆ ನೆರಳಿನ ಒಣ ಭಾಗದಲ್ಲಿ ಎರೆ ಆಳವಿದ್ದ ಕಡೆ ಹೊಲ. ಕಲ್ಲು ಮೇಲೆದ್ದ ಮರಡಿಗಳಲ್ಲಿ ಹುಲ್ಲು, ಜಾಲಿ, ಬನ್ನಿ, ಬಾರೆ, ನಡುವೆ ಒಂದೊಂದು ಬೇವು. ಹೊಸಬರು ಇದನ್ನು ಕಾಡು ಕಡಿದು ಉಳಿದ ಬರಡು ಎಂದುಕೊಳ್ಳುತ್ತಾರೆ. ಇದು ಕಾಡಿನ ಅವಶೇಷವಲ್ಲ. ತೆಳು ಮಣ್ಣು, ಸಾಲದ ಮಳೆ, ಉದ್ದನೆಯ ಬೇಸಿಗೆ ಇವುಗಳಿಗೆ ಹೊಂದಿಕೊಂಡ ಹುಲ್ಲುಗಾವಲು, ತನ್ನದೇ ಪ್ರಾಣಿಗಳಿರುವ ಲೋಕ. ಕೃಷ್ಣಮೃಗ ಬಯಲಲ್ಲೇ ಓಡಬಲ್ಲದು, ದಟ್ಟ ಮರಗಳ ನಡುವೆ ಅದಕ್ಕೆ ಬಾಳಿಲ್ಲ. ತೋಳ ಕುರಿಹಿಂಡಿನ ಹಿಂದೆ ಅಲೆಯುತ್ತದೆ, ಕುರುಬರು ಅದನ್ನು ಬೈಯುತ್ತಲೇ ಅದರ ಜೊತೆ ತಲೆಮಾರುಗಳಿಂದ ಬದುಕಿದ್ದಾರೆ. ಅವರ ದಖ್ಖನಿ ಕುರಿಗಳ ಒರಟು ಕರಿ ಉಣ್ಣೆಯಿಂದ ಕಂಬಳಿ. ಹೊಲದಲ್ಲಿ ರಾತ್ರಿ ಹಿಂಡು ತಂಗಿದರೆ ರೈತನಿಗೆ ಗೊಬ್ಬರ. ನಮ್ಮ ಕಡೆ ಎರೆಭೂತ ಎಂದು ಕರೆದ ಗ್ರೇಟ್ ಇಂಡಿಯನ್ ಬಸ್ಟರ್ಡ್ ಕೂಡ ಇದೇ ಬಯಲಿನ ಹಕ್ಕಿ. ನೆಲದ ಮೇಲೇ ಮೊಟ್ಟೆಯಿಡುತ್ತದೆ, ಸಾಮಾನ್ಯವಾಗಿ ಒಂದೇ ಒಂದು. ಸೊಲ್ಲಾಪುರದ ಹತ್ತಿರ ನಾನ್ನಜ್‌ನಲ್ಲಿ ಅದಕ್ಕಾಗಿಯೇ ಅಭಯಾರಣ್ಯ ಮಾಡಿದರು. ಈಗ ದೇಶದಲ್ಲೆಲ್ಲ ಸೇರಿ ಇನ್ನೂರೂ ಉಳಿದಿಲ್ಲ, ಉಳಿದವು ಬಹುಪಾಲು ರಾಜಸ್ಥಾನದಲ್ಲಿ. ಮುಂದೆ ಇರುವ ವಿದ್ಯುತ್ ತಂತಿ ಅದರ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ, ಬಡಿದು ಸಾಯುತ್ತದೆ.

ಸರ್ಕಾರಿ ದಾಖಲೆಗಳಲ್ಲಿ ಇಂಥ ಹುಲ್ಲುಗಾವಲಿಗೆ ಇಂದಿಗೂ ಎಷ್ಟೋ ಕಡೆ ‘ಬಂಜರು’ ಎಂದೇ ಬರೆದಿರುತ್ತದೆ. ಹಾಗೆ ಬರೆದ ಮೇಲೆ ಗಣಿಗೆ, ಕಾರ್ಖಾನೆಗೆ, ಸೋಲಾರ್ ಫಲಕಗಳಿಗೆ ಕೊಡುವುದು ಸುಲಭ. ಒಳ್ಳೆಯ ಮನಸ್ಸಿನವರು ಮಾಡುವ ಹಾನಿಯೂ ಕಡಿಮೆಯದಲ್ಲ: ಪರಿಸರ ದಿನಕ್ಕೆ ಮರಡಿಯ ಮೇಲೆ ಸಾಲಾಗಿ ಗುಂಡಿ ತೋಡಿ ಅಕೇಶಿಯಾ, ಗ್ಲಿರಿಸಿಡಿಯಾ ನೆಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಗಿಡ ಬದುಕಿದರೆ ಹುಲ್ಲು ಸಾಯುತ್ತದೆ, ಹುಲ್ಲಿನ ಪ್ರಾಣಿಗಳು ಹೋಗುತ್ತವೆ. ನಿಮ್ಮ ಶಾಲೆಯೋ ಸಂಘವೋ ಈ ಸೀಮೆಯಲ್ಲಿ ಗಿಡ ನೆಡಲು ಹೊರಟರೆ ಊರೊಳಗೆ, ರಸ್ತೆ ಬದಿಯಲ್ಲಿ, ಹೊಲದ ಬದುವಿನಲ್ಲಿ ಬೇವು, ಬನ್ನಿ ನೆಡಿ. ಮರಡಿಯ ಹುಲ್ಲನ್ನು ಅದರ ಪಾಡಿಗೆ ಬಿಡಿ.